ಹೆಸರು ಹಾಕಬೇಡಿ ಎಂದ ಮೇಡಂಗೆ

ಜಯನಗರದ ಮಹಡಿ ಕೋಣೆಯಲ್ಲಿ ನಿಮ್ಮ ಭಾನುವಾರಗಳನ್ನು ನಮಗೆ ಬಿಟ್ಟುಕೊಟ್ಟಿರಿ ಮೇಡಂ. ಅಮೆರಿಕದ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಸೀಟಿಗೆ, ಅಂದರೆ ಹೊರದೇಶದಲ್ಲಿ ಓದಿದ ದಂತವೈದ್ಯರನ್ನು ಅಲ್ಲಿನ ಪದವಿಯ ನಡುವಿನಿಂದ ಸೇರಿಸಿಕೊಳ್ಳುವ ಸೀಟಿಗೆ, ಅರ್ಜಿ ಹಾಕುತ್ತಿರುವ ನಮ್ಮೆಲ್ಲ ಬಿಡಿಎಸ್‌ನವರ ಧನ್ಯವಾದ.

ಅಲ್ಲಿನ ದಂತವೈದ್ಯಕೀಯ ಲಿಖಿತ ಪರೀಕ್ಷೆ ಐಎನ್‌ಬಿಡಿಇಗೆ ಪುಸ್ತಕಗಳಿವೆ, 500 ಪ್ರಶ್ನೆ, 2 ದಿನ, ಪಾಸೋ ಫೇಲೋ ಅಷ್ಟೇ. ಹಲವು ಕಾಲೇಜುಗಳು ಕೇಳುವ ಬೆಂಚ್ ಟೆಸ್ಟನ್ನು, ಅಂದರೆ ಕೃತಕ ಹಲ್ಲು ಕೊರೆದು ತೋರಿಸುವ ಪರೀಕ್ಷೆಯನ್ನು, ಕೈಹಿಡಿದು ಕಲಿಸುವವರು ಎಲ್ಲಿ? ಕ್ಲಾಸ್ ಟು ಅಮಾಲ್ಗಮ್ ಕ್ಯಾವಿಟಿಗೆ (ದವಡೆ ಹಲ್ಲಿನ ಪಕ್ಕದ ಮೈಯನ್ನೂ ಸೇರಿಸಿ ಬೆಳ್ಳಿ ಫಿಲ್ಲಿಂಗ್‌ಗೆ ಕೊರೆಯುವ ಕುಳಿ) ಆಳ 1.5ರಿಂದ 2 ಮಿ.ಮೀ., ಪಕ್ಕದ ಹಲ್ಲಿನಿಂದ ಸುಮಾರು ಅರ್ಧ ಮಿ.ಮೀ. ಬಿಡುವು. ಇದು ಎಲ್ಲರಿಗೂ ಬಾಯಿಪಾಠ. ಆದರೂ ಕೊರೆಯುವ ಬರ್ ಪಕ್ಕದ ಹಲ್ಲಿಗೆ ತಾಗಿ ಗೀರಿಬಿಡುತ್ತದೆ. ಬಾಕ್ಸ್ (ಕುಳಿಯ ಪಕ್ಕದ ಭಾಗ) ಇಳಿಸುವಾಗ ಹೊರಗಡೆ ತೆಳು ಗೋಡೆ ಉಳಿಸಿಕೊಳ್ಳಿ, ಕೊನೆಗೆ ಹ್ಯಾಚೆಟ್ ಎಂಬ ಕೈ ಉಪಕರಣದಿಂದ ಮುರಿಯಿರಿ ಎಂದು ತೋರಿಸಿದಿರಿ, ಗೀರು ಬೀಳುವುದು ನಿಂತಿತು. ಕ್ರೌನ್ ಪ್ರೆಪ್ (ಕ್ಯಾಪ್ ಕೂರಿಸಲು ಕೊರೆದ ಹಲ್ಲು) ಅನ್ನು ಒಂದು ಕಣ್ಣು ಮುಚ್ಚಿ ಮೇಲಿನಿಂದ ನೋಡಬೇಕು, ಮಾರ್ಜಿನ್, ಅಂದರೆ ಕೊರೆದ ಅಂಚು, ಸುತ್ತಲೂ ಒಮ್ಮೆಗೇ ಕಾಣದಿದ್ದರೆ ಎಲ್ಲೋ ಅಂಡರ್‌ಕಟ್ (ಒಳಸರಿದ ಗೋಡೆ) ಇದೆ. ಎಷ್ಟು ಕೊರೆದೆವೆಂದು ಅಳೆಯುವ ಪುಟ್ಟಿ ಇಂಡೆಕ್ಸ್ ಅಚ್ಚನ್ನು ಹಲ್ಲು ಕೊರೆಯುವ ಮುನ್ನವೇ ತೆಗೆದಿಡಬೇಕು, ಆಮೇಲಲ್ಲ.

ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು: ನಮ್ಮ ಕಡೆಯವರ ಈ ತೊಡಕನ್ನು ಡೆಂಟ್‌ಪಿನ್ (ಪರೀಕ್ಷೆಗೂ ಅರ್ಜಿಗೂ ಬೇಕಾದ ಗುರುತಿನ ಸಂಖ್ಯೆ) ಪಡೆಯುವ ಮೊದಲೇ ಬಗೆಹರಿಸಿಕೊಳ್ಳಿ ಎಂದವರೂ ನೀವೇ.

ಫೀಸಿನ ಮಾತೆತ್ತಿದರೆ ಸವೆದ 330 ನಂಬರಿನ ಬರ್‌ಗಳಿಗೆ ಬದಲಿ ಕೇಳಿದಿರಿ. ಒಂದು ಪೆಟ್ಟಿಗೆ ನಿಮ್ಮ ಕಪಾಟಿನಲ್ಲಿಟ್ಟಿದ್ದೇವೆ, ಮುಂದಿನ ಬ್ಯಾಚಿಗೆ.