ಸಿದ್ದಿ ಕಲಾವಿದರನ್ನು ಮೆರವಣಿಗೆಯಿಂದ ರಂಗಮಂದಿರಕ್ಕೆ ಕರೆತನ್ನಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಉತ್ಸವಗಳ ಮೆರವಣಿಗೆಯಲ್ಲಿ ಸಿದ್ದಿಗಳ ಡಮಾಮಿ ಕುಣಿತದ ತಂಡವನ್ನು ನೀವು ನೋಡಿರುತ್ತೀರಿ. ಮೈಗೆ ಸೊಪ್ಪು ಸುತ್ತಿಕೊಂಡು ಉರಿಬಿಸಿಲಿನಲ್ಲಿ ಕುಣಿಯುತ್ತಾರೆ, ಜನ ಮೊಬೈಲಿನಲ್ಲಿ ಸೆರೆಹಿಡಿಯುತ್ತಾರೆ. ಮೆರವಣಿಗೆ ಮುಗಿದು ಭಾಷಣ ಶುರುವಾದ ಮೇಲೆ ಅವರ ನೆನಪು ಯಾರಿಗೂ ಇರುವುದಿಲ್ಲ.

ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಅನೇಕರು ಅವರ ಪೀಳಿಗೆಯವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅಷ್ಟು ತಡವಾಗಿ.

ಅವರಿಗೆ ಕುಣಿತವಷ್ಟೇ ಗೊತ್ತು ಎಂದುಕೊಂಡವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯನ್ನು ನೆನೆಯಬೇಕು. 1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ಸಿದ್ದಿಗಳನ್ನೇ ನಟರನ್ನಾಗಿಸಿ, ನೈಜೀರಿಯಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ಅಲ್ಲಿ ರಂಗಕ್ಕೆ ತಂದಿತು. ಬಿಳಿಯರು ಕಾಲಿಟ್ಟ ಮೇಲೆ ಆಫ್ರಿಕಾದ ಹಳ್ಳಿಯೊಂದು ಛಿದ್ರವಾದ ಕಥೆ ಅದು. ಕಾಡಿನಲ್ಲಿ ಕೂಲಿ ಮಾಡುತ್ತಿದ್ದವರು ಅದನ್ನು ಕನ್ನಡದಲ್ಲಿ ಆಡಿದರು. ನನ್ನ ಮಟ್ಟಿಗೆ ಕನ್ನಡ ರಂಗಭೂಮಿ ವರ್ಣಭೇದದ ವಿರುದ್ಧ ಎತ್ತಿದ ಅತ್ಯಂತ ದಿಟ್ಟ ದನಿ ಅದು. ಆಮೇಲೆ ಸಿದ್ದಿ ಯುವಕ ಯುವತಿಯರು ರಂಗ ಶಿಕ್ಷಣ ಪಡೆದು ಒಳ್ಳೆಯ ನಟರಾಗಿದ್ದಾರೆ, ಗಾಯಕರಾಗಿದ್ದಾರೆ.

ಆದರೂ ನಮ್ಮ ನೋಟ ಬದಲಾಗಿಲ್ಲ. ಒಂದು ನಾಟಕ ಮುಗಿದ ಮೇಲೆ ಪ್ರೇಕ್ಷಕರೊಬ್ಬರು ಸಿದ್ದಿ ನಟಿಯ ಹತ್ತಿರ ಹೋಗಿ, "ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ, ಯಾವ ದೇಶ?" ಎಂದು ಕೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. "ಯಲ್ಲಾಪುರ" ಎಂದಳು ಆಕೆ, ಬಣ್ಣ ಒರೆಸಿಕೊಳ್ಳುತ್ತಲೇ. ಮೆಚ್ಚಿ ಮಾತನಾಡಿಸಿದವರ ಬಾಯಲ್ಲೇ ಈ ಮಾತು ಬಂದರೆ, ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಏನೇನು ಕೇಳಬೇಕಾಗುತ್ತದೋ! 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ ಆಕೆ ಪೆಟ್ಟು ತಿಂದಳು. ಮೈಬಣ್ಣವೊಂದೇ ಅಲ್ಲಿ ಸಾಕ್ಷಿಯಾಯಿತು.

ಇಂಥ ಊರಿಗೆ ಸಿದ್ದಿಗಳ ನಾಟಕ ಬರಬೇಕು. ಅವರೇ ಬರೆದು, ಅವರೇ ನಿರ್ದೇಶಿಸುವ ನಾಟಕಗಳಿಗೆ ನಿಮ್ಮ ಇಲಾಖೆ ಪ್ರತಿ ವರ್ಷ ಅನುದಾನ ತೆಗೆದಿರಿಸಲಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಪ್ರದರ್ಶನವಾದ ಮೇಲೆ ಅವು ನಗರದ ಶಾಲೆ, ಕಾಲೇಜುಗಳಿಗೂ ಹೋಗಲಿ. ಆಟ ಮುಗಿದ ಮೇಲೆ ಮಕ್ಕಳು ಕಲಾವಿದರೊಡನೆ ಕುಳಿತು ಮಾತನಾಡಲು ಸಮಯವಿರಲಿ. ಸಂಭಾವನೆ ಅದೇ ದಿನ ಅವರ ಕೈಸೇರಲಿ. ಬರುವ ಆಯವ್ಯಯದಲ್ಲೇ ಇದಕ್ಕೆ ಹಣ ಇಡಬೇಕೆಂದು ಕೋರುತ್ತೇನೆ.

ಇಂತಿ,
ಉತ್ತರ ಕನ್ನಡದ ಒಬ್ಬ ರಂಗಾಸಕ್ತ