ಕೋಲಾರದ ರೈತ ಬಂಧುಗಳಿಗೆ: ಟೊಮೆಟೊ ಬಿಸಾಡಬೇಡಿ

ಎಲ್ಲರಿಗೂ ನಮಸ್ಕಾರ. ಬೆಲೆ ಬಿದ್ದಾಗ ಹಣ್ಣನ್ನು ರಸ್ತೆ ಬದಿಗೆ ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ತಿಪ್ಪೆಗೆ ತನ್ನಿ, ಗೊಬ್ಬರ ಮಾಡೋಣ.

ಬರೀ ಹಣ್ಣನ್ನೇ ಗುಡ್ಡೆ ಹಾಕಿದರೆ ನೀರೊಡೆದು ನಾರುತ್ತದೆ. ಒಂದು ಬುಟ್ಟಿ ಹಣ್ಣಿಗೆ ಎರಡು ಬುಟ್ಟಿಯಷ್ಟು ತರಗೆಲೆ, ಕತ್ತರಿಸಿದ ರಾಗಿ ಹುಲ್ಲು ಬೆರೆಸಿ, ಮೇಲೆ ಸಗಣಿ ಬಗ್ಗಡ ಎರಚಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಅಂಗೈ ಒದ್ದೆಯಾಗಬೇಕು, ನೀರು ಸೋರಬಾರದು. ಕೆಲವೇ ದಿನಗಳಲ್ಲಿ ಒಳಗಿನ ಕಾವು 55ರಿಂದ 60 ಡಿಗ್ರಿಗೆ ಏರುತ್ತದೆ. ಕಳೆ ಬೀಜ ಸಾಯುವುದು ಆ ಕಾವಿನಲ್ಲೇ. ಇಳಿದಾಗಲೆಲ್ಲ ಮಗುಚಿ, ಹೊರಗಿನದು ಒಳಕ್ಕೆ ಹೋಗಲಿ.

ಸೊರಗು ರೋಗ ತಗುಲಿದ ಗಿಡಗಳನ್ನು ಮಾತ್ರ ಖಂಡಿತ ಹಾಕಬೇಡಿ.

ಮೂರು ತಿಂಗಳ ಹೊತ್ತಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ. ರಾಗಿ ಬಿತ್ತನೆಗೆ ಎರಡು ವಾರ ಮೊದಲೇ ಹೊಲಕ್ಕೆ ಹರಡಿ.