ಯಂತ್ರ ಮಾಡುವ ಮೊದಲೇ ಪೇಟೆಂಟ್ ಹುಡುಕಿ

ಮಾನ್ಯ ಸಂಪಾದಕರೇ,

ಸಾಗರದ ಹತ್ತಿರ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಅಡಿಕೆ ಸುಲಿಯುವ ಯಂತ್ರದ ರಿಪೇರಿಯೇ ಜಾಸ್ತಿ. ಹಸಿ ಅಡಿಕೆ ಸುಲಿಯುವಾಗ ದಪ್ಪ ಕಾಯಿಗೆ ಬ್ಲೇಡ್ ತಾಗಿ ಗಾಯವಾಗುತ್ತದೆ, ಸಣ್ಣದು ಸುಲಿಯದೆ ಹಾಗೇ ಬೀಳುತ್ತದೆ. ಇದಕ್ಕೆ ನಾನು ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೂರಿಸಿದೆ. ನೋಡಿದವರೆಲ್ಲ ‘ಪೇಟೆಂಟ್ ಮಾಡಿಸು ಮಾರಾಯ’ ಅಂದರು. ಒಬ್ಬ ಏಜೆಂಟರು ಸಿಕ್ಕರು. ‘ಹುಡುಕಿ ನೋಡಿದ್ದೇವೆ, ಇಂಥದ್ದು ಎಲ್ಲೂ ಇಲ್ಲ’ ಎಂದು 30 ಸಾವಿರ ತೆಗೆದುಕೊಂಡರು.

ಎರಡು ವರ್ಷದ ಮೇಲೆ ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂತು. ನನಗಿಂತ ಮೊದಲೇ ಒಬ್ಬರು ಇಂಥದ್ದೇ ಸ್ಪ್ರಿಂಗಿಗೆ ಅರ್ಜಿ ಹಾಕಿದ್ದರು. ಅದೇನು ಗುಟ್ಟಿನ ಕಾಗದವಲ್ಲ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲೇ ಹುಡುಕಿ ತೆಗೆದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಂಗ್ಲಿಷ್ ಪುಟಗಳು ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಚಿತ್ರ ಸಾಕಾಯಿತು. 14 ಎಂದು ಗುರುತು ಹಾಕಿದ ಸ್ಪ್ರಿಂಗ್, ನಾನು ಕೂರಿಸಿದ ಜಾಗದಲ್ಲೇ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಅಪ್ಪ ಮಗಳು ಕೂತು ಹುಡುಕುವುದನ್ನು ಕಲಿತೆವು. ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್, ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್, ಈ ಹುಡುಕುವ ಜಾಲತಾಣಗಳೆಲ್ಲವೂ ಉಚಿತ. ಹೊರದೇಶದಲ್ಲಿ ಮೊದಲೇ ಪ್ರಕಟವಾಗಿದ್ದರೂ ನಮ್ಮದು ಹೊಸದು ಅನ್ನಿಸಿಕೊಳ್ಳುವುದಿಲ್ಲ, ಹಾಗಾಗಿ ಅಲ್ಲೂ ನೋಡಲೇಬೇಕು. ಕಷ್ಟ ಇರುವುದು ಪದಗಳಲ್ಲಿ. ಅಡಿಕೆಗೆ ಒಬ್ಬರು ಅರೆಕಾನಟ್ ಎಂದು ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಡಿಸಿ, ಮತ್ತೊಬ್ಬರು ಬೀಟಲ್ ನಟ್ ಎನ್ನುತ್ತಾರೆ. ಸುಲಿಯುವುದಕ್ಕೂ ಅಷ್ಟೇ: ಡೀಹಸ್ಕಿಂಗ್, ಪೀಲಿಂಗ್, ಶೆಲ್ಲಿಂಗ್. ಒಂದೇ ಪದ ಹಾಕಿ ‘ಇಲ್ಲ’ ಅಂದುಬಿಟ್ಟರೆ ನನ್ನ ಗತಿಯೇ ಆಗುತ್ತದೆ.

ಇದಕ್ಕೆ ದಾರಿ ವರ್ಗ ಸಂಖ್ಯೆ, ಅಂದರೆ ಯಂತ್ರ ಯಾವ ಬಗೆಯದು ಎಂದು ನೋಡಿ ಪೇಟೆಂಟ್ ಕಚೇರಿಯವರು ಅರ್ಜಿಗೆ ಹಾಕುವ ಗುರುತು. ಪದ ಏನೇ ಇರಲಿ, ಅಡಿಕೆ, ತೆಂಗಿನಂಥ ಗಟ್ಟಿ ಕಾಯಿಯ ಸಿಪ್ಪೆ ಸುಲಿಯುವ, ಒಡೆಯುವ ಯಂತ್ರಗಳೆಲ್ಲ ಎ23ಎನ್ 5/00 ಅಡಿ ಬರುತ್ತವೆ. ಅಡಿಕೆ ಮರ ಹತ್ತುವ ಸಾಧನವನ್ನು ನಾವು ಕೃಷಿ ವಿಭಾಗದಲ್ಲಿ ಹುಡುಕಿ ಹುಡುಕಿ ಸುಸ್ತಾದೆವು. ಮರ, ಕಂಬ ಹತ್ತುವ ಸಾಧನಗಳಿಗೆ ಇರುವ ಸಂಖ್ಯೆ ಎ63ಬಿ 27/00. ಅದು ಆಟೋಟ, ವ್ಯಾಯಾಮದ ಸಾಮಾನಿನ ಜೊತೆ ಇದೆ! ಇದನ್ನು ಯಾರಾದರೂ ಹೇಳಿಕೊಡದೆ ಗೊತ್ತಾಗುತ್ತದಾ?

ಒಂದು ಎಚ್ಚರಿಕೆ ಇದೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪ್ರಕಟವಾಗುತ್ತವೆ, ಅಲ್ಲಿಯವರೆಗಿನವು ಸಿಗುವುದಿಲ್ಲ. ಹುಡುಕಾಟದಿಂದ ಲಾಭವೂ ಇದೆ. ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ನಡುವೆ ನವೀಕರಣ ಶುಲ್ಕ ಕಟ್ಟದಿದ್ದರೆ ಮೊದಲೇ ಬಿದ್ದುಹೋಗುತ್ತದೆ. ಹೀಗೆ ಅವಧಿ ಮುಗಿದ ಯಂತ್ರವನ್ನು ಯಾರು ಬೇಕಾದರೂ ಮಾಡಬಹುದು, ಚಿತ್ರ ಸಮೇತ ವಿವರ ಅಲ್ಲೇ ಇರುತ್ತದೆ. ನಮ್ಮಂಥ ಶೆಡ್‌ನವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು?

ಬೆಂಗಳೂರಿನಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಆದರೆ ಕೆಲಸ ಬಿಟ್ಟು ರಾತ್ರಿ ಬಸ್ಸಿಗೆ ಹೋಗಿ ಬರುವುದು ಎಲ್ಲರಿಗೂ ಆಗುವುದಿಲ್ಲ. ತಾಲ್ಲೂಕಿನ ಐಟಿಐನಲ್ಲೋ ಗ್ರಂಥಾಲಯದಲ್ಲೋ ವಾರಕ್ಕೊಂದು ದಿನ ಹುಡುಕಿಕೊಡುವವರು ಕೂತರೆ ಎಷ್ಟು ಉಪಕಾರವಾಗುತ್ತದೆ! ನಿಮ್ಮಲ್ಲೂ ಒಂದು ವಿನಂತಿ. ಪೇಟೆಂಟ್ ಕಚೇರಿಯ ಜರ್ನಲ್ ಪ್ರತಿ ಶುಕ್ರವಾರ ಹೊರಬರುತ್ತದೆ. ಅದರಲ್ಲಿ ಬರುವ ಅಡಿಕೆ, ತೆಂಗು, ಕಾಳುಮೆಣಸಿನ ಯಂತ್ರಗಳನ್ನು ಆರಿಸಿ, ಒಂದು ಚಿತ್ರ ಮತ್ತು ಕನ್ನಡದಲ್ಲಿ ನಾಲ್ಕು ಸಾಲು ನಿಮ್ಮ ಕೃಷಿ ಪುಟದಲ್ಲಿ ಹಾಕುತ್ತೀರಾ?

– ವೆಲ್ಡಿಂಗ್ ಶೆಡ್ ನಡೆಸುವ ಓದುಗ, ಸಾಗರ